ಓದುಗರ ಪ್ರಶ್ನೆ, ನಮ್ಮ ಉತ್ತರ: ಕಡಲ ಗಾಳಿಗೆ ಕಾನೂನು ಬಂತು, ಮೀನುಗಾರರಿಗೆ ಅದರಲ್ಲಿ ಜಾಗವೆಲ್ಲಿ?

ಸಮುದ್ರದಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿ ವಿದ್ಯುತ್ ತಯಾರಿಸುವ ಕೇಂದ್ರ ಸರ್ಕಾರದ ಯೋಜನೆಯ ಬಗ್ಗೆ, ಅದರಲ್ಲೂ 2023ರ ಡಿಸೆಂಬರ್‌ನಲ್ಲಿ ಹೊರಬಿದ್ದ ಗುತ್ತಿಗೆ ನಿಯಮಗಳ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಎತ್ತಿಕೊಂಡಿದ್ದೇವೆ. ಕರಾವಳಿಯಿಂದ ಬಂದ ಪತ್ರಗಳೇ ಹೆಚ್ಚು. ಒಂದೇ ವಿಷಯವನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದವುಗಳನ್ನು ಸೇರಿಸಿ ಒಂದೇ ಪ್ರಶ್ನೆಯಾಗಿ ಕೊಟ್ಟಿದೆ.

ಪ್ರಶ್ನೆ: ಸಮುದ್ರ ಯಾರ ಸ್ವತ್ತೂ ಅಲ್ಲ ಎಂದು ಕೇಳುತ್ತ ಬೆಳೆದವರು ನಾವು. ಹೀಗಿರುವಾಗ ಅದನ್ನು ಕಂಪನಿಗಳಿಗೆ ಗುತ್ತಿಗೆಗೆ ಕೊಡಲು ಸರ್ಕಾರಕ್ಕೆ ಅಧಿಕಾರ ಎಲ್ಲಿಂದ ಬಂತು? ಗುತ್ತಿಗೆಯ ಷರತ್ತುಗಳೇನು?
(ನಿವೃತ್ತ ಶಿಕ್ಷಕರು, ಮಂಗಳೂರು)

ಉತ್ತರ: ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ನೀರು ದೇಶದ ಪ್ರಾದೇಶಿಕ ಸಮುದ್ರ. ಅಲ್ಲಿಂದಾಚೆ 200 ನಾಟಿಕಲ್ ಮೈಲಿಯವರೆಗೆ, ಎಂದರೆ ದಡದಿಂದ ಸುಮಾರು 370 ಕಿಲೋಮೀಟರ್‌ವರೆಗೆ ಇರುವುದು ಅನನ್ಯ ಆರ್ಥಿಕ ವಲಯ. ಈ ಎರಡನೆಯ ಭಾಗದಲ್ಲಿ ಬೇರೆ ದೇಶಗಳ ಹಡಗುಗಳು ಓಡಾಡುವುದನ್ನು ನಾವು ತಡೆಯುವಂತಿಲ್ಲವಾದರೂ ಅಲ್ಲಿನ ಮೀನು, ಖನಿಜ ಮತ್ತು ಶಕ್ತಿಯನ್ನು ಬಳಸಿಕೊಳ್ಳುವ ಹಕ್ಕು ನಮ್ಮ ದೇಶದ್ದೇ. ಉಬ್ಬರವಿಳಿತ, ಗಾಳಿ ಮತ್ತು ಪ್ರವಾಹಗಳಿಂದ ಶಕ್ತಿ ಉತ್ಪಾದಿಸುವ ಹಕ್ಕನ್ನು 1976ರ ಸಾಗರ ವಲಯಗಳ ಕಾಯ್ದೆಯೇ ಹೆಸರಿಸಿ ಹೇಳಿದೆ. ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸುವ ಮಾತು ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲದ ಕಾಲದಲ್ಲಿ ಬರೆದ ಕಾಯ್ದೆ ಅದು ಎಂಬುದನ್ನು ಗಮನಿಸಬೇಕು. ಸಂವಿಧಾನದ 297ನೇ ವಿಧಿಯ ಪ್ರಕಾರ ಈ ಸಂಪತ್ತು ಕೇಂದ್ರ ಸರ್ಕಾರಕ್ಕೆ ಸೇರಿದ್ದು. ರಾಜ್ಯಗಳಿಗೆ ಅದರಲ್ಲಿ ಒಡೆತನವಿಲ್ಲ.

2015ರಲ್ಲಿ ಕೇಂದ್ರವು ಕಡಲಿನ ಪವನ ವಿದ್ಯುತ್ ನೀತಿಯನ್ನು ಪ್ರಕಟಿಸಿ, ಚೆನ್ನೈನಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯನ್ನು ಇದರ ಹೊಣೆಗಾರ ಸಂಸ್ಥೆಯನ್ನಾಗಿ ಮಾಡಿತು. ಆದರೆ ನೀತಿಯನ್ನಷ್ಟೇ ನಂಬಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಕಡಲ ತಳದ ಮೇಲೆ ಕಂಪನಿಗೆ ಕಾನೂನುಬದ್ಧವಾದ ಹಕ್ಕುಪತ್ರ ಇರಬೇಕು. ಅದಕ್ಕಾಗಿಯೇ 1976ರ ಕಾಯ್ದೆಯಡಿ ವಿದೇಶಾಂಗ ಸಚಿವಾಲಯ 2023ರ ಡಿಸೆಂಬರ್ 19ರಂದು ಗುತ್ತಿಗೆ ನಿಯಮಗಳನ್ನು ಹೊರಡಿಸಿತು. ಗಾಳಿಯ ಅಳತೆ ಮತ್ತು ಸರ್ವೆಗೆ ಮೊದಲು 3 ವರ್ಷ, ಬೇಕಾದರೆ ಇನ್ನೂ 2 ವರ್ಷ. ಯಂತ್ರಗಳನ್ನು ನಿಲ್ಲಿಸಿ ನಡೆಸಲು 35 ವರ್ಷ. ಗುತ್ತಿಗೆ ಶುಲ್ಕ ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ. ಭದ್ರತಾ ಠೇವಣಿಯನ್ನೂ ಇಡಬೇಕು. ಸರ್ಕಾರ ಮತ್ತು ಕಂಪನಿಯ ನಡುವಿನ ಒಪ್ಪಂದದ ಮಟ್ಟಿಗೆ ಇವು ಸಾಕಷ್ಟು ಸ್ಪಷ್ಟವಾದ ನಿಯಮಗಳು. ಅದೇ ನೀರನ್ನು ಈಗಾಗಲೇ ನಂಬಿ ಬದುಕುತ್ತಿರುವ ಮೂರನೆಯವರ ವಿಷಯಕ್ಕೆ ಬಂದಾಗ ಮಾತ್ರ ಸ್ಪಷ್ಟತೆ ಕಾಣುವುದಿಲ್ಲ. ಮುಂದಿನ ಪ್ರಶ್ನೆ ಅದೇ.

ಪ್ರಶ್ನೆ: ನಾನು ಟ್ರಾಲ್ ಬೋಟಿನ ಮಾಲೀಕ. ಒಂದೊಂದು ಗಾಳಿಯಂತ್ರದ ಸುತ್ತ 500 ಮೀಟರ್ ಮಾತ್ರ ನಿಷೇಧ, ಉಳಿದ ಜಾಗವೆಲ್ಲ ಮೀನುಗಾರಿಕೆಗೆ ಮುಕ್ತ ಎಂದು ಸಭೆಯೊಂದರಲ್ಲಿ ಹೇಳಿದರು. ಇದು ನಿಜವೇ? ನಿಜವಾದರೆ ನಾವು ಇಷ್ಟು ಹೆದರಬೇಕಾಗಿಲ್ಲವಲ್ಲ?
(ಮಲ್ಪೆಯ ಓದುಗರು)

ಉತ್ತರ: ಸಮುದ್ರದಲ್ಲಿ ಕಟ್ಟಿದ ಯಾವುದೇ ಸ್ಥಾವರದ ಸುತ್ತ ಹೆಚ್ಚೆಂದರೆ 500 ಮೀಟರ್‌ವರೆಗೆ ಸುರಕ್ಷತಾ ವಲಯ ಮಾಡಿಕೊಳ್ಳಬಹುದು ಎಂದು ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಹೇಳುತ್ತದೆ. ಅದು ಮಿತಿಯೇ ಹೊರತು ಅಷ್ಟೂ ದೂರ ಇಡಲೇಬೇಕೆಂಬ ಕಟ್ಟಳೆಯಲ್ಲ. ಬ್ರಿಟನ್‌ನಲ್ಲಿ ಕಾಮಗಾರಿ ನಡೆಯುವಾಗ 500 ಮೀಟರ್ ಇಟ್ಟು, ಯಂತ್ರ ಓಡಲು ತೊಡಗಿದ ಮೇಲೆ ಅದನ್ನು 50 ಮೀಟರಿಗೆ ಇಳಿಸುವ ರೂಢಿ ಇದೆ. ಆದ್ದರಿಂದ ನೀವು ಕೇಳಿದ ಸಂಖ್ಯೆ ಸುಳ್ಳಲ್ಲ. ಆದರೆ ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಏಕೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಈಗ ಸಮುದ್ರಕ್ಕೆ ಇಳಿಯುತ್ತಿರುವ 15 ಮೆಗಾವಾಟ್ ವರ್ಗದ ಯಂತ್ರಗಳಲ್ಲಿ ರೆಕ್ಕೆಗಳು ತಿರುಗುವ ವೃತ್ತದ ವ್ಯಾಸ 236 ಮೀಟರ್‌ವರೆಗೆ ಇರುತ್ತದೆ. ಒಂದು ಯಂತ್ರ ಇನ್ನೊಂದರ ಗಾಳಿಯನ್ನು ಕದಿಯಬಾರದೆಂದು ವ್ಯಾಸದ ಐದು ಪಟ್ಟಾದರೂ ದೂರದಲ್ಲಿ ನಿಲ್ಲಿಸುತ್ತಾರೆಂದು ಇಟ್ಟುಕೊಂಡರೆ, ಎರಡು ಕಂಬಗಳ ನಡುವೆ ಸುಮಾರು 1,200 ಮೀಟರ್ ಅಂತರವಾಯಿತು. ಎರಡೂ ಕಂಬಗಳ ಕಡೆಯಿಂದ ಐನೂರೈನೂರು ಮೀಟರ್ ಕಳೆದರೆ ನಡುವೆ ಉಳಿಯುವುದು 200 ಮೀಟರಿನ ಓಣಿ. ಹಿಂದೆ ರೋಪು ಬಿಟ್ಟು, ಬಲೆಯ ಬಾಯಿ ಅಗಲವಾಗಿ ತೆರೆದುಕೊಳ್ಳಲು ಎರಡು ಬದಿಗೂ ಭಾರದ ಹಲಗೆ ಕಟ್ಟಿ, ತಳ ಸವರಿಕೊಂಡು ಗಂಟೆಗಟ್ಟಲೆ ಎಳೆಯುವ ಟ್ರಾಲ್ ಬೋಟಿಗೆ ಆ ಓಣಿ ಸಾಲದು ಎಂಬುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ನೀರಿನ ಸೆಳೆತ ಬದಲಾದರೆ ಬಲೆ ಬೋಟಿನ ನೇರಕ್ಕೆ ಬರುವುದಿಲ್ಲ, ಅಡ್ಡಕ್ಕೆ ಹೋಗುತ್ತದೆ. ಸಾಲದ್ದಕ್ಕೆ ಕಂಬದಿಂದ ಕಂಬಕ್ಕೆ ತಳದಲ್ಲಿ ಹೂತ ವಿದ್ಯುತ್ ಕೇಬಲ್ ಇರುತ್ತದೆ. ಮಣ್ಣು ಕೊಚ್ಚಿ ಹೋದ ಕಡೆ ಆ ಕೇಬಲ್ ಮೇಲೆದ್ದರೆ ಹಲಗೆ ಅದಕ್ಕೆ ಸಿಕ್ಕಿಕೊಳ್ಳಬಹುದು. ಆಗ ಬೋಟಿಗೂ ಅಪಾಯ, ಕೇಬಲಿಗೂ ಅಪಾಯ. ಇನ್ನು ಸಂಜೆ ಬಿಟ್ಟು ರಾತ್ರಿಯಿಡೀ ನೀರಿನ ಜೊತೆ ತೇಲಲು ಬಿಡುವ ಉದ್ದನೆಯ ಬಲೆಯವರಿಗಂತೂ ಕಂಬಗಳ ತೋಪಿನೊಳಗೆ ಕೆಲಸವೇ ಇಲ್ಲ.

ಹೀಗಾಗಿ ನಿಷೇಧವೆಂದು ಬರೆಯದಿದ್ದರೂ ಫಲ ನಿಷೇಧದ್ದೇ ಆಗಬಹುದು. ಬ್ರಿಟನ್‌ನಲ್ಲಿ ಗಾಳಿಯಂತ್ರಗಳ ನಡುವೆ ಮೀನು ಹಿಡಿಯಲು ಸಾಮಾನ್ಯವಾಗಿ ಕಾನೂನಿನ ತಡೆಯಿಲ್ಲ, ಆದರೂ ತಳ ಎಳೆಯುವ ಅನೇಕ ಬೋಟುಗಳು ಒಳಗೆ ಹೋಗಲು ಹಿಂಜರಿಯುತ್ತವೆ. ಬೆಲ್ಜಿಯಂ ನೇರವಾಗಿಯೇ ನಿಷೇಧಿಸಿದೆ. ನಮ್ಮ ಸರ್ಕಾರ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಗುತ್ತಿಗೆಗೆ ಸಹಿ ಬೀಳುವ ಮೊದಲೇ ನಿಯಮದಲ್ಲಿ ಬರೆಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. 35 ವರ್ಷದ ಗುತ್ತಿಗೆ ಎಂದರೆ ಒಬ್ಬ ಮೀನುಗಾರನ ದುಡಿಮೆಯ ಇಡೀ ಆಯುಷ್ಯ. ಆಮೇಲೆ ಅಧಿಕಾರಿಯೊಬ್ಬರ ಸುತ್ತೋಲೆಯಿಂದ ಅದನ್ನು ತೀರ್ಮಾನಿಸುವುದು ನ್ಯಾಯವಲ್ಲ.

ನಿಮ್ಮ ಮಟ್ಟಿಗೆ ಒಂದು ಸಮಾಧಾನದ ಸಂಗತಿ ಇದೆ. ಈಗ ಗುರುತಿಸಿರುವ ವಲಯಗಳು ಗುಜರಾತ್ ಮತ್ತು ತಮಿಳುನಾಡಿನ ಎದುರು ಇವೆ; ಕರ್ನಾಟಕದ ಎದುರು ಇಲ್ಲ. ಮಲ್ಪೆ, ಮಂಗಳೂರಿನ ಆಳಸಮುದ್ರ ಬೋಟುಗಳು ಗೋವಾ, ಮಹಾರಾಷ್ಟ್ರದ ಆಚೆಗೂ ಹೋಗುವುದರಿಂದ, ಸಂಗತಿ ನಮಗೆ ಸಂಬಂಧಿಸಿದ್ದಲ್ಲ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ.

ಪ್ರಶ್ನೆ: ಭೂಮಿ ಕಳೆದುಕೊಂಡ ರೈತನಿಗೆ ಪರಿಹಾರ ಇದೆ. ಮೀನು ಹಿಡಿಯುವ ಜಾಗ ಕಳೆದುಕೊಂಡವನಿಗೆ ಏನಿದೆ?
(ಸಹಕಾರ ಸಂಘದ ಸದಸ್ಯೆ, ಕುಂದಾಪುರ)

ಉತ್ತರ: ಇಡೀ ಚರ್ಚೆಯ ಗಂಟು ಇರುವುದು ಇಲ್ಲೇ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ 'ಬಾಧಿತ ಕುಟುಂಬ' ಎಂಬುದರ ವ್ಯಾಖ್ಯೆ ಬಹಳ ಉದಾರವಾಗಿದೆ. ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಮೂರು ವರ್ಷಗಳಿಂದ ಕಾಡನ್ನೋ ನೀರನ್ನೋ ನಂಬಿ ಬದುಕಿದವರು, ಮೀನುಗಾರರು ಮತ್ತು ದೋಣಿ ನಡೆಸುವವರು ಕೂಡ ಅದರಲ್ಲಿ ಸೇರುತ್ತಾರೆ. ಆದರೆ ಆ ಕಾಯ್ದೆ ಜಾರಿಗೆ ಬರಬೇಕಾದರೆ ಸರ್ಕಾರ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳಬೇಕು. ಕಡಲು ಮೊದಲೇ ಸರ್ಕಾರದ ಕೈಯಲ್ಲಿರುವುದರಿಂದ ಇಲ್ಲಿ ಸ್ವಾಧೀನದ ಪ್ರಶ್ನೆಯೇ ಏಳುವುದಿಲ್ಲ; ಇರುವುದು ಗುತ್ತಿಗೆ ಮಾತ್ರ. ಹೊಳೆಯ ಅಂಚಿನ ಜಮೀನು ಹೋದಾಗ ಕಾನೂನಿನ ಕಣ್ಣಿಗೆ ಬೀಳುವ ಮೀನುಗಾರ, ಸಮುದ್ರವೇ ಹೋದಾಗ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಮೀನುಗಾರಿಕೆ ರಾಜ್ಯಪಟ್ಟಿಯ ವಿಷಯ, ಆದರೆ ಪ್ರಾದೇಶಿಕ ಸಮುದ್ರದ ಆಚೆಗಿನ ಮೀನುಗಾರಿಕೆ ಕೇಂದ್ರದ್ದು. ಮೀನುಗಾರರು ಕಷ್ಟ ಹೇಳಿಕೊಳ್ಳಲು ಹೋಗುವುದು ಜಿಲ್ಲೆಯ ಮೀನುಗಾರಿಕಾ ಇಲಾಖೆಗೆ. ಗುತ್ತಿಗೆಯ ತೀರ್ಮಾನ ಆಗುವುದು ದಿಲ್ಲಿಯಲ್ಲಿ.

ಡೆನ್ಮಾರ್ಕ್‌ನ ಕ್ರಮ ಇಲ್ಲಿ ಉಪಯುಕ್ತ. ಅಲ್ಲಿ ಯೋಜನೆಯವರು ಆ ಜಾಗದಲ್ಲಿ ಮೀನು ಹಿಡಿಯುವವರೊಂದಿಗೆ ನಷ್ಟ ಪರಿಹಾರದ ಮಾತುಕತೆ ನಡೆಸಬೇಕೆಂದು ಮೀನುಗಾರಿಕಾ ಕಾನೂನಿನಲ್ಲೇ ಇದೆ. ಆ ಮಾತುಕತೆಗೆ ಆಧಾರ, ಯಾವ ಬೋಟು ಎಲ್ಲಿ ಎಷ್ಟು ಹಿಡಿದಿದೆ ಎಂಬ ದಾಖಲೆ. ನಮ್ಮ ನಾಡದೋಣಿಯವರಲ್ಲಿ ಅಂಥ ದಾಖಲೆ ಎಲ್ಲಿಂದ ಬರಬೇಕು? ಅದಕ್ಕಾಗಿಯೇ ಸರ್ವೆಗೆಂದು ಕೊಡುವ ಆ ಮೂರು ವರ್ಷಗಳಲ್ಲಿ ಗಾಳಿಯ ವೇಗವನ್ನಷ್ಟೇ ಅಳೆಯದೆ, ಅಲ್ಲಿ ಯಾರು ಯಾವ ತಿಂಗಳಲ್ಲಿ ಯಾವ ಬಲೆ ಬಿಡುತ್ತಾರೆ ಎಂಬುದನ್ನೂ ಮೀನುಗಾರರ ಸಂಘಗಳ ಜೊತೆ ಕುಳಿತು ಬರೆದಿಡುವುದನ್ನು ನಿಯಮ ಕಡ್ಡಾಯ ಮಾಡಬೇಕು. ಗುಜರಾತಿನ ಜಾಫರಾಬಾದ್ ಕಡೆಯ ಬೊಂಬಿಲ್ ಮೀನುಗಾರಿಕೆಯನ್ನೇ ನೋಡಿ. ಅವರ ಚೀಲದಂಥ ಬಲೆಯನ್ನು ತಳಕ್ಕೆ ಬಿಗಿದು, ಉಬ್ಬರ ಇಳಿತದ ಸೆಳೆತವೇ ಮೀನನ್ನು ಒಳಗೆ ತಳ್ಳುವಂತೆ ನಿಲ್ಲಿಸುತ್ತಾರೆ. ಸೆಳೆತ ಸರಿಯಾಗಿರುವ ಜಾಗ ಬಿಟ್ಟರೆ ಬಲೆ ಖಾಲಿ. 'ಸ್ವಲ್ಪ ಆಚೆ ಹೋಗಿ ಹಿಡಿಯಿರಿ' ಎಂದು ಅವರಿಗೆ ಹೇಳುವವರಿಗೆ ಆ ಕಸುಬಿನ ಅರಿವಿಲ್ಲ. ಮೊದಲ ಯೋಜನೆಗೆ ಆರಿಸಿಕೊಂಡ ಖಂಭಾತ್ ಕೊಲ್ಲಿಯ ದಡದಲ್ಲೇ ಆ ಊರು ಇದೆ. 2017ರ ನವೆಂಬರ್‌ನಲ್ಲಿ ಗಾಳಿ ಅಳೆಯುವ ಲೈಡಾರ್ ಉಪಕರಣವನ್ನು ನಿಲ್ಲಿಸಿದ್ದು ಪಕ್ಕದ ಪೀಪಾವಾವ್ ಬಂದರಿನಿಂದ 23 ಕಿಲೋಮೀಟರ್ ದೂರ ಸಮುದ್ರದೊಳಗೆ.

ಪ್ರಶ್ನೆ: ಬಂದರು, ಗಣಿಗಳಿಗೆ ಇರುವಂತೆ ಇದಕ್ಕೂ ಪರಿಸರ ಅಹವಾಲು ಸಭೆ ನಡೆಯುತ್ತದೆಯೇ?
(ಹೊನ್ನಾವರ ಮತ್ತು ಶಿರಸಿಯ ಓದುಗರು)

ಉತ್ತರ: 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಆ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಕಡ್ಡಾಯವಲ್ಲ. ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್‌ನ ವ್ಯಾಪ್ತಿ ಸಮುದ್ರದ ಕಡೆಗೆ 12 ನಾಟಿಕಲ್ ಮೈಲಿಗೆ ಮುಗಿಯುತ್ತದೆ. ಹಾಗಾಗಿ ಅದರಾಚೆ ನಿಲ್ಲುವ ಯಂತ್ರಗಳು ಸಿಆರ್‌ಝಡ್‌ನ ಹೊರಗೆ ಉಳಿದು, ದಡಕ್ಕೆ ಬರುವ ಕೇಬಲ್ ಮಾತ್ರ ಅದರೊಳಗೆ ಬರುತ್ತದೆ. 2015ರ ನೀತಿಯೇನೋ ಪರಿಸರ ಅಧ್ಯಯನ ಮಾಡಬೇಕೆಂದು ಕೇಳುತ್ತದೆ, ರಕ್ಷಣೆ, ಗೃಹ, ಪರಿಸರ ಮುಂತಾದ ಸಚಿವಾಲಯಗಳ ಒಪ್ಪಿಗೆಯನ್ನೂ ಕೇಳುತ್ತದೆ. ಆದರೆ ತಜ್ಞರು ಅಧ್ಯಯನ ಮಾಡಿ ವರದಿ ಕೊಡುವುದೇ ಬೇರೆ, ಊರಿನವರ ಎದುರು ಕುಳಿತು ಅವರು ಹೇಳಿದ್ದನ್ನು ನಡಾವಳಿಯಲ್ಲಿ ಬರೆದುಕೊಳ್ಳುವುದೇ ಬೇರೆ. ಹೊನ್ನಾವರದ ಕಾಸರಕೋಡು ಟೊಂಕದ ಬಂದರು ವಿವಾದವನ್ನು ಕಂಡವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಭೂಮಿಯ ಮೇಲಿನ ಸಣ್ಣ ಗಾಳಿಯಂತ್ರಗಳನ್ನು ಕಣ್ಣ ಮುಂದಿಟ್ಟುಕೊಂಡು ಕೊಟ್ಟ ವಿನಾಯಿತಿ ಸಮುದ್ರದ ಯೋಜನೆಗಳಿಗೂ ಹಾಗೆಯೇ ಸಿಗುವುದು ತಪ್ಪು ಎಂದು ನಾವು ಭಾವಿಸುತ್ತೇವೆ. ಕಾರಣ ನೀರಿನೊಳಗಿನ ಸದ್ದು. ಹಲವು ಮೀಟರ್ ವ್ಯಾಸದ ಉಕ್ಕಿನ ಕೊಳವೆಯನ್ನು ಸುತ್ತಿಗೆಯಿಂದ ತಳಕ್ಕೆ ಬಡಿದು ಇಳಿಸುವಾಗ ಹೊರಡುವ ಶಬ್ದ ನೀರಿನಲ್ಲಿ ಬಹುದೂರ ಹೋಗುತ್ತದೆ. ಜರ್ಮನಿಯಲ್ಲಿ ಬಡಿಯುವ ಜಾಗದಿಂದ 750 ಮೀಟರ್ ದೂರದಲ್ಲಿ ಆ ಸದ್ದು 160 ಡೆಸಿಬೆಲ್ ಮೀರಬಾರದೆಂಬ ಕಟ್ಟುನಿಟ್ಟಿನ ಮಿತಿ ಇದೆ. ಅದನ್ನು ಪಾಲಿಸಲು ಕಂಬದ ಸುತ್ತ ತಳದಲ್ಲಿ ರಂಧ್ರಗಳಿರುವ ಕೊಳವೆ ಹಾಸಿ, ಗಾಳಿ ಊದಿ, ಗುಳ್ಳೆಗಳ ಪರದೆಯನ್ನು ಎಬ್ಬಿಸುತ್ತಾರೆ. ಸದ್ದು ಆ ಪರದೆಯನ್ನು ದಾಟುವಾಗ ಕುಗ್ಗುತ್ತದೆ. ಇಂಥ ಮಿತಿಯೊಂದನ್ನು ನಮ್ಮಲ್ಲೂ ಸಂಖ್ಯೆಯಲ್ಲೇ ಬರೆಯಬೇಕು. ತಮಿಳುನಾಡಿನ ವಲಯಗಳು ಇರುವುದು ಮನ್ನಾರ್ ಕೊಲ್ಲಿಯ ಕಡೆ. ತೂತ್ತುಕುಡಿ ಮತ್ತು ರಾಮೇಶ್ವರದ ನಡುವೆ 21 ದ್ವೀಪಗಳ ಸಾಗರ ರಾಷ್ಟ್ರೀಯ ಉದ್ಯಾನ ಅಲ್ಲಿದೆ. ಹವಳದ ದಿಬ್ಬಗಳಿವೆ, ಕಡಲಹುಲ್ಲು ಮೇಯುವ ಕಡಲಹಸುಗಳಿವೆ. ಅಲ್ಲಿನ ಮೀನುಗಾರರ ವಿರೋಧವನ್ನು ಅಭಿವೃದ್ಧಿಯ ವಿರೋಧವೆಂದು ತಳ್ಳಿಹಾಕುವುದು ಸುಲಭ. ಆದರೆ ಅವರು ಕೇಳುತ್ತಿರುವುದು ನಕ್ಷೆಯಲ್ಲಿ ಗೆರೆ ಎಳೆಯುವ ಮೊದಲು ತಮ್ಮನ್ನು ಕೇಳಿ ಎಂದು.

ಪ್ರಶ್ನೆ: ಸೌರ ವಿದ್ಯುತ್ ಇಷ್ಟು ಅಗ್ಗವಾಗಿರುವಾಗ ಇದಕ್ಕೆ ಏಳು ಸಾವಿರ ಕೋಟಿ ನೆರವು ಏಕೆ? ಅಷ್ಟು ಕೊಟ್ಟರೂ ಟೆಂಡರ್‌ಗಳು ರದ್ದಾದವು ಎಂದು ಓದಿದೆ.
(ಎಂಜಿನಿಯರ್, ಬೆಂಗಳೂರು)

ಉತ್ತರ: 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಟ್ಟು ಮೊತ್ತ 7,453 ಕೋಟಿ ರೂಪಾಯಿ. ಅದರಲ್ಲಿ 6,853 ಕೋಟಿ ಗುಜರಾತ್ ಮತ್ತು ತಮಿಳುನಾಡಿನ ಎದುರು ತಲಾ 500 ಮೆಗಾವಾಟ್ ಸ್ಥಾವರಗಳಿಗೆ. ಉಳಿದ 600 ಕೋಟಿ ಎರಡು ಬಂದರುಗಳನ್ನು ಸಜ್ಜುಗೊಳಿಸಲು. ಭಾಗಿಸಿ ನೋಡಿದರೆ ಒಂದು ಮೆಗಾವಾಟ್‌ಗೆ ಸುಮಾರು 6.85 ಕೋಟಿ ನೆರವು. ಅದು ಸಣ್ಣ ಮೊತ್ತವಲ್ಲ, ಮತ್ತು ಅದು ನಮ್ಮೆಲ್ಲರ ತೆರಿಗೆಯ ಹಣ. ಸಮರ್ಥನೆ ಏನೆಂದರೆ, ಈ 1,000 ಮೆಗಾವಾಟ್‌ನಿಂದ ವರ್ಷಕ್ಕೆ 372 ಕೋಟಿ ಯೂನಿಟ್ ಸಿಗುವ ಅಂದಾಜಿದೆ, ಅಂದರೆ ಯಂತ್ರಗಳು ತಮ್ಮ ಪೂರ್ಣ ಸಾಮರ್ಥ್ಯದ ಶೇಕಡಾ 42ರಷ್ಟನ್ನು ವರ್ಷವಿಡೀ ಕೊಟ್ಟಂತೆ. ಸೌರ ಫಲಕಗಳಿಂದ ಇದನ್ನು ನಿರೀಕ್ಷಿಸಲಾಗದು. ಸೂರ್ಯ ಮುಳುಗಿ ಮನೆಮನೆಯಲ್ಲೂ ದೀಪ, ಫ್ಯಾನು, ಮಿಕ್ಸಿ ಒಟ್ಟಿಗೆ ಓಡುವ ಹೊತ್ತಿನಲ್ಲೂ ಕಡಲಿನ ಗಾಳಿ ಬೀಸುತ್ತಿರುತ್ತದೆ. ಅಗ್ಗದ ಯೂನಿಟ್ ಒಂದೇ ಲೆಕ್ಕವಲ್ಲ, ಯಾವ ಹೊತ್ತಿನ ಯೂನಿಟ್ ಎಂಬುದೂ ಲೆಕ್ಕವೇ.

ಟೆಂಡರ್‌ಗಳ ವಿಷಯ ನೀವು ಓದಿದ್ದು ನಿಜ. ತಮಿಳುನಾಡಿನ ಎದುರು 4,000 ಮೆಗಾವಾಟ್‌ಗಾಗಿ ಕಡಲ ತಳವನ್ನು ಗುತ್ತಿಗೆಗೆ ಕೊಡುವ ಟೆಂಡರ್ ಮತ್ತು ಗುಜರಾತಿನ 500 ಮೆಗಾವಾಟ್ ಟೆಂಡರ್ ಎರಡನ್ನೂ 2024ರಲ್ಲಿ ಕರೆದ ಕೇಂದ್ರದ ಸೋಲಾರ್ ಎನರ್ಜಿ ಕಾರ್ಪೊರೇಷನ್, 2025ರಲ್ಲಿ ಎರಡನ್ನೂ ಕೈಬಿಟ್ಟಿತು. ತಮಿಳುನಾಡಿನ ಟೆಂಡರ್‌ನಲ್ಲಿ ನೆರವೂ ಇರಲಿಲ್ಲ, ವಿದ್ಯುತ್ ಕೊಳ್ಳುವವರನ್ನು ಕಂಪನಿಯೇ ಹುಡುಕಿಕೊಳ್ಳಬೇಕಿತ್ತು. ಮೊದಲ ಯೋಜನೆಯೇ ನಿಲ್ಲದ ದೇಶದಲ್ಲಿ ಅಷ್ಟು ಹೊಣೆಯನ್ನು ಹೊರಲು ಯಾರಿಗೂ ಧೈರ್ಯ ಬಾರದಿದ್ದುದು ಸಹಜ. ದೈತ್ಯ ಯಂತ್ರಗಳನ್ನು ಎತ್ತಿ ನಿಲ್ಲಿಸುವ ವಿಶೇಷ ಹಡಗುಗಳು ಹೊರದೇಶದಿಂದ ಬರಬೇಕು, ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆ, ಖಂಭಾತ್‌ನ ತಳದಲ್ಲಿ ಮೆತ್ತನೆಯ ಮಣ್ಣು. ಅನುಭವಿ ದೇಶಗಳೂ ಇಲ್ಲಿ ಎಡವಿವೆ: 2023ರಲ್ಲಿ ಬ್ರಿಟನ್ ಕರೆದ ಹರಾಜಿಗೆ, ಸರ್ಕಾರ ಇಟ್ಟ ಗರಿಷ್ಠ ದರ ತೀರಾ ಕಡಿಮೆಯಾಯಿತೆಂದು ಕಡಲಿನ ಪವನ ವಿದ್ಯುತ್ತಿನ ಒಂದು ಬಿಡ್ಡೂ ಬರಲಿಲ್ಲ. ದರ ಏರಿಸಿದ ಮೇಲೆ ಮರುವರ್ಷ ಬಂದವು. 2018ರಲ್ಲಿ ನಾವು ಘೋಷಿಸಿಕೊಂಡ ಗುರಿ 2022ಕ್ಕೆ 5,000 ಮೆಗಾವಾಟ್, 2030ಕ್ಕೆ 30,000. ಮೊದಲ ಗಡುವು ದಾಟಿದಾಗ ನಮ್ಮ ಸಮುದ್ರದಲ್ಲಿ ನಿಂತಿದ್ದ ಸ್ಥಾವರಗಳ ಸಂಖ್ಯೆ ಸೊನ್ನೆ.

ಪ್ರಶ್ನೆ: ನಮ್ಮ ಗುಡ್ಡಗಳ ಮೇಲೆ ಇನ್ನೂ ಯಂತ್ರ ನಿಲ್ಲಿಸಬಹುದಲ್ಲ? ಕರ್ನಾಟಕಕ್ಕೆ ಕಡಲಿನ ಗಾಳಿಯ ಅಗತ್ಯವಿದೆಯೇ?
(ರೈತರು, ಚಿತ್ರದುರ್ಗ)

ಉತ್ತರ: ನಿಲ್ಲಿಸುತ್ತಲೇ ಇದ್ದಾರೆ. 2024-25ರಲ್ಲಿ ಹೊಸದಾಗಿ ಪವನ ವಿದ್ಯುತ್ ಸೇರಿಸಿದ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲು; 1,331 ಮೆಗಾವಾಟ್. ಸದ್ಯಕ್ಕೆ ನಮಗೆ ಅದೇ ಹತ್ತಿರದ ದಾರಿ. ಆದರೂ 2032ರ ಕೊನೆಯೊಳಗೆ ಶುರುವಾಗುವ ಕಡಲ ಸ್ಥಾವರಗಳಿಗೆ ಅಂತರರಾಜ್ಯ ಸಾಗಣೆ ಶುಲ್ಕದ ವಿನಾಯಿತಿ ಇರುವುದರಿಂದ, ಮುಂದೊಂದು ದಿನ ನಮ್ಮ ಎಸ್ಕಾಂಗಳೂ ಆ ವಿದ್ಯುತ್ತನ್ನು ಕೊಳ್ಳಬಹುದು.

ಪ್ರಶ್ನೆ: 35 ವರ್ಷ ಮುಗಿದ ಮೇಲೆ ಆ ಕಂಬಗಳನ್ನು ಕಿತ್ತು ತೆಗೆಯುವವರು ಯಾರು?
(ವಿದ್ಯಾರ್ಥಿನಿ, ಕಾರವಾರ)

ಉತ್ತರ: ಗುತ್ತಿಗೆದಾರರೇ. ತೆಗೆಯುವುದು ಸಾಧ್ಯ ಎಂಬುದಕ್ಕೆ ಜಗತ್ತಿನ ಮೊದಲ ಕಡಲ ಗಾಳಿ ಸ್ಥಾವರವೇ ಉದಾಹರಣೆ: ಡೆನ್ಮಾರ್ಕ್‌ನ ವಿಂಡೆಬಿಯಲ್ಲಿ 1991ರಲ್ಲಿ ನಿಲ್ಲಿಸಿದ 11 ಯಂತ್ರಗಳನ್ನು 2017ರಲ್ಲಿ ಕಳಚಿದರು. ಆದರೆ ಅವು ಇಂದಿನ ಯಂತ್ರಗಳ ಎದುರು ಆಟಿಕೆಯಷ್ಟು. ಹನ್ನೊಂದೂ ಸೇರಿ ಸುಮಾರು 5 ಮೆಗಾವಾಟ್. ಕಂಪನಿ ಅಷ್ಟು ವರ್ಷ ಉಳಿಯುತ್ತದೆಯೇ, ಕೈ ಬದಲಾಗುತ್ತದೆಯೇ ಎಂಬುದನ್ನು ಯಾರೂ ಹೇಳಲಾರರು. ಆದ್ದರಿಂದ ತೆಗೆಯುವ ಖರ್ಚನ್ನು ವಿದ್ಯುತ್ ಮಾರಾಟದ ಆದಾಯದಿಂದ ವರ್ಷವರ್ಷವೂ ಎತ್ತಿ, ಕಂಪನಿ ಮುಟ್ಟಲಾಗದ ಪ್ರತ್ಯೇಕ ಖಾತೆಯಲ್ಲಿ ಇಡಿಸುವುದೇ ಸುರಕ್ಷಿತ.

ಪ್ರಶ್ನೆ: ಟೆಂಡರ್ ರದ್ದಾದ ಮೇಲೆ ಈ ಚರ್ಚೆಗೆ ಇನ್ನೇನು ಅರ್ಥ?
(ಮಲ್ಪೆ ಮತ್ತು ಗಂಗೊಳ್ಳಿಯ ಓದುಗರು)

ಉತ್ತರ: ಈಗಲೇ ಅರ್ಥ ಇರುವುದು. ರದ್ದಾದದ್ದು ಟೆಂಡರ್, ನಿಯಮವಲ್ಲ. ಗುಜರಾತ್ ಮತ್ತು ತಮಿಳುನಾಡಿನ ಎದುರು ಒಟ್ಟು 70,000 ಮೆಗಾವಾಟ್‌ನಷ್ಟು ಸಾಧ್ಯತೆ ಇದೆ ಎಂಬ ಅಂದಾಜನ್ನು ಇಟ್ಟುಕೊಂಡಿರುವ ಸರ್ಕಾರ ಮತ್ತೆ ಟೆಂಡರ್ ಕರೆದೇ ಕರೆಯುತ್ತದೆ, ಕರೆಯಲೂಬೇಕು. ಕಲ್ಲಿದ್ದಲಿನ ಹೊಗೆಯಿಂದ ಬಿಡಿಸಿಕೊಳ್ಳಲು ಈ ದೇಶಕ್ಕೆ ಸಂಜೆಯ ವಿದ್ಯುತ್ ಬೇಕು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಇಂದು ಯಾವ ಕಂಪನಿಯ ಕೈಯಲ್ಲೂ ದೊಡ್ಡ ಗುತ್ತಿಗೆ ಇಲ್ಲದಿರುವುದರಿಂದ, ಯಾರಿಗೂ ಮಾತು ತಪ್ಪದೆ, ಯಾವ ಒಪ್ಪಂದವನ್ನೂ ಮುರಿಯದೆ ನಿಯಮಕ್ಕೆ ತಿದ್ದುಪಡಿ ತರಲು ಸಾಧ್ಯ. ಸಹಿ ಬಿದ್ದ ಮರುದಿನದಿಂದ ಅದೇ ತಿದ್ದುಪಡಿಗೆ ಕಂಪನಿ ನ್ಯಾಯಾಲಯಕ್ಕೆ ಹೋಗಬಹುದು. ನಿಮ್ಮ ಸಂಘಗಳು ಕೇಳಬೇಕಾದ್ದನ್ನು ಬಿಡಿಯಾಗಿ ಕೇಳುವ ಬದಲು, ಗುಜರಾತ್ ಮತ್ತು ತಮಿಳುನಾಡಿನ ಸಂಘಗಳ ಜೊತೆ ಸೇರಿ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯಕ್ಕೂ ಮೀನುಗಾರಿಕಾ ಸಚಿವಾಲಯಕ್ಕೂ ಲಿಖಿತವಾಗಿ ಕೊಡಿ. ನಿಮ್ಮ ಸಂಸದರಿಂದ ಸಂಸತ್ತಿನಲ್ಲಿ ಪ್ರಶ್ನೆ ಹಾಕಿಸಿ, ಉತ್ತರ ದಾಖಲೆಗೆ ಹೋಗಲಿ. ಗುತ್ತಿಗೆ ಶುಲ್ಕದ ಒಂದು ಪಾಲು ಆ ಕರಾವಳಿಯ ಮೀನುಗಾರರ ಸಹಕಾರ ಸಂಘಗಳಿಗೆ ಬರಬೇಕೆಂದೂ ಕೇಳಿ. ನೂರು ಚದರ ಕಿಲೋಮೀಟರಿಗೆ ವರ್ಷಕ್ಕೆ ಬರುವುದು 1 ಕೋಟಿ ರೂಪಾಯಿ ಮಾತ್ರ. ದಿಲ್ಲಿಯ ಖಜಾನೆಗೆ ಅದು ಲೆಕ್ಕಕ್ಕಿಲ್ಲ, ಒಂದು ಸಣ್ಣ ಬಂದರಿನ ಹೂಳೆತ್ತಿಸಲು, ಐಸ್ ಪ್ಲಾಂಟ್ ರಿಪೇರಿ ಮಾಡಿಸಲು ಅದು ದೊಡ್ಡ ಹಣ.